ಅಮ್ಮನ ಮಂಡಿ ನೋವಿಗೆ ಸೊಂಟದ ಎಕ್ಸ್‌ರೇ ಯಾಕೆ ಬೇಕು?

ಪ್ರಶ್ನೆ: ನಾವು ಸಾಗರ ತಾಲೂಕಿನವರು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಮ್ಮ ಊರಲ್ಲೇ ಇದ್ದಾರೆ. ವಯಸ್ಸು 63, ತೂಕ 74 ಕೆ.ಜಿ. ಹತ್ತು ವರ್ಷದಿಂದ ಶುಗರ್ ಇದೆ, ಬಿಪಿ ಮಾತ್ರೆಯೂ ನಡೀತಿದೆ. ಬಲ ಮಂಡಿ ನೋವು ಶುರುವಾಗಿ ಆರು ವರ್ಷ ಆಯ್ತು, ಕಾಲು ಬಿಲ್ಲಿನ ಹಾಗೆ ಸ್ವಲ್ಪ ಬಾಗಿದೆ. ಒಂದು ವರ್ಷದಿಂದ ಎಡಗಾಲಿಗೂ ನೋವು. ತೊಡೆಯ ಮುಂಭಾಗದಿಂದ ಮಂಡಿವರೆಗೆ ಎಳೆಯುತ್ತದೆ ಅನ್ನುತ್ತಾರೆ. ಎಡಗಾಲಿನ ಉಗುರು ತೆಗೆದುಕೊಳ್ಳೋದಕ್ಕೂ ಆಗಲ್ಲ, ತಂಗಿ ತೆಗೆದುಕೊಡುತ್ತಾಳೆ. ಪ್ರತಿ ವರ್ಷ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದವರು ಹೋದ ವರ್ಷ ಕೂರಲಿಲ್ಲ. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ಈಗ ದಿನಾ ಬೇಕಾಗಿದೆ. ಒಬ್ಬ ಡಾಕ್ಟರು ಮಂಡಿ ಎಕ್ಸ್‌ರೇ ನೋಡಿ ಎರಡೂ ಮಂಡಿ ಒಟ್ಟಿಗೆ ಬದಲಾಯಿಸಿ ಅಂದರು. ಇನ್ನೊಬ್ಬರು ಜೆಲ್ ಇಂಜೆಕ್ಷನ್ ಸಾಕು ಅಂದರು. ಪಕ್ಕದ ಮನೆಯವರು ಆಪರೇಷನ್ ಆದಮೇಲೂ ನೋವು ಇದೆ ಅನ್ನುತ್ತಾರೆ. ಇದು ಹಂದಿಗೋಡು ಕಾಯಿಲೆ ಅಂತ ಕೆಲವರು ಹೆದರಿಸಿದ್ದಾರೆ. ಸಂತೆಯಲ್ಲಿ ಸಿಕ್ಕ ಒಂದು ಪುಡಿ ತಿಂದಾಗ ಮಾತ್ರ ಒಂದು ತಿಂಗಳು ನೋವೇ ಇರಲಿಲ್ಲ. ಅದನ್ನೇ ಮುಂದುವರಿಸೋಣವಾ? ಆಪರೇಷನ್ ಮಾಡಿಸಲೇಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಉಗುರಿನ ವಿಷಯ. ನೀವು ಅದನ್ನು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆದರೆ ಕಾಲಿನ ಉಗುರು ತೆಗೆಯಲು ಮಂಡಿಗಿಂತ ಹೆಚ್ಚು ಬೇಕಾಗುವುದು ಸೊಂಟದ ಕೀಲು, ಅಂದರೆ ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗ. ತೊಡೆ ಹೊರಕ್ಕೆ ತಿರುಗಿ, ಮೇಲೆ ಮಡಚಿ ಬಂದರೆ ತಾನೇ ಕೈ ಪಾದಕ್ಕೆ ಸಿಗೋದು? ಅಮ್ಮನ ಎಡಗಾಲಿನ ನೋವು ಮಂಡಿಯದ್ದಲ್ಲ, ಸೊಂಟದ ಕೀಲಿನದ್ದು ಅಂತ ನನಗೆ ಬಲವಾದ ಅನುಮಾನ. ಎರಡೂ ಮಂಡಿ ಬದಲಾಯಿಸುವ ಮಾತು ಬಂದಿದೆ, ಸೊಂಟದ ಎಕ್ಸ್‌ರೇ ಮಾತ್ರ ಯಾರೂ ತೆಗೆಸಿದ ಹಾಗೆ ಕಾಣುವುದಿಲ್ಲ. ಮೊದಲು ಅದನ್ನು ಮಾಡಿಸಿ.

ಸೊಂಟದ ನೋವು ಮಂಡಿಯಲ್ಲಿ ಯಾಕೆ ಕಾಣಿಸಿಕೊಳ್ಳುತ್ತದೆ ಅಂತ ಕೇಳಬಹುದು. ಎರಡೂ ಕೀಲುಗಳಿಗೆ ಹೋಗುವ ನರಗಳು ಒಂದೇ ಮೂಲದಿಂದ ಹೊರಡುತ್ತವೆ. ಹಾಗಾಗಿ ನೋವು ಎಲ್ಲಿಂದ ಬಂತು ಅನ್ನೋದರಲ್ಲಿ ಮೆದುಳಿಗೇ ಗೊಂದಲವಾಗುತ್ತದೆ. ನನ್ನ ಹತ್ತಿರ ಒಮ್ಮೆ ಐವತ್ತು ದಾಟಿದ ರೈತರೊಬ್ಬರು ಬಂದಿದ್ದರು. ಕೈಯಲ್ಲಿ ದಪ್ಪ ಚೀಲ, ಅದರ ತುಂಬ ಮಂಡಿಯ ಎಕ್ಸ್‌ರೇ, ಮಂಡಿಯ ಎಂಆರ್‌ಐ. ಮಂಡಿಗೆ ಎರಡು ಇಂಜೆಕ್ಷನ್ ಕೂಡ ಆಗಿತ್ತು. ಮಂಚದ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿ ನೋಡಿದೆ. ಸರಾಗವಾಗಿ ಮಡಚಿತು, ನೋವಿಲ್ಲ. ಆಮೇಲೆ ಅದೇ ಕಾಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಅವರು ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದುಕೊಂಡರು. ಸೊಂಟದ ಕೀಲು ಪೂರ್ತಿ ಸವೆದಿತ್ತು, ಮಂಡಿಗೆ ಏನೂ ಆಗಿರಲಿಲ್ಲ. ಇದನ್ನು ಪತ್ತೆ ಮಾಡಲು ನನಗೆ ಹಿಡಿದದ್ದು ಒಂದು ನಿಮಿಷ. ಕೈಯಲ್ಲಿ ಹಿಡಿದು ನೋಡುವ ಆ ಒಂದು ನಿಮಿಷ ಅವರಿಗೆ ಎರಡು ವರ್ಷ ಸಿಕ್ಕಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಸರದ ವಿಷಯ.

ಮನೆಯಲ್ಲೇ ನೀವು ಕೆಲವನ್ನು ಗಮನಿಸಬಹುದು. ನೋವು ಎಲ್ಲಿ ಅಂತ ಕೇಳಿದಾಗ ಅಮ್ಮ ತೊಡೆಸಂದಿನ ಮೇಲೆ ಕೈ ಇಡುತ್ತಾರಾ? ಕುರ್ಚಿಯಲ್ಲಿ ಕೂತು ಎಡ ಪಾದವನ್ನು ಬಲ ಮಂಡಿಯ ಮೇಲೆ ಇಡಲು ಆಗುತ್ತದಾ? ಆಟೋ ಅಥವಾ ಕಾರು ಹತ್ತುವಾಗ ಕಾಲನ್ನು ಕೈಯಿಂದ ಎತ್ತಿ ಒಳಗಿಡುತ್ತಾರಾ? ಇವೆಲ್ಲ ಸೊಂಟದ ಕೀಲಿನ ಕಡೆ ಬೆರಳು ತೋರಿಸುತ್ತವೆ. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಮಂಡಿಯ ಒಳಬದಿಯಲ್ಲೇ ಚುಚ್ಚಿದಂತಾದರೆ ಅದು ಮಂಡಿಯದ್ದೇ. ಬಲಗಾಲಿನದ್ದು ಹೀಗೇ ಇರಬಹುದು ಅನ್ನಿಸುತ್ತದೆ. ಕಾಲು ಬಿಲ್ಲಿನಂತೆ ಬಾಗಿದೆ ಅಂದರೆ ಒಳಬದಿ ಜಾಸ್ತಿ ಸವೆದಿದೆ ಅಂತ ಅರ್ಥ.

ಈಗ ಹಂದಿಗೋಡು ಕಾಯಿಲೆಯ ಭಯ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯದಲ್ಲಿ ಅದು ಬೆಳಕಿಗೆ ಬಂತು, ಊರಿನ ಹೆಸರೇ ಕಾಯಿಲೆಗೂ ಬಂತು. ಅದು ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಕಾಯಿಲೆ. ಚಿಕ್ಕ ವಯಸ್ಸಿನಲ್ಲೇ, ಮುಖ್ಯವಾಗಿ ಸೊಂಟದ ಕೀಲನ್ನು ಹಿಡಿಯುತ್ತದೆ. ಕೆಲವರಲ್ಲಿ ಬೆಳವಣಿಗೆಯೂ ಕುಂಠಿತವಾಗುತ್ತದೆ. ಅದರಿಂದ ಬಾಗಿ ನಡೆಯುವವರನ್ನು ಕಂಡ ನಿಮ್ಮ ಕಡೆಯ ಜನ ಹೆದರೋದು ಸಹಜ. ಆದರೆ ನಿಮ್ಮ ಅಮ್ಮನಿಗೆ ನೋವು ಶುರುವಾದದ್ದು 57ಕ್ಕೆ. ಅವರ ಅಪ್ಪ ಅಮ್ಮ, ಅಣ್ಣ ತಮ್ಮಂದಿರಲ್ಲಿ ಎಳೆಯ ವಯಸ್ಸಿಗೇ ಯಾರಿಗೂ ಹೀಗಾಗಿಲ್ಲ ಅಂದರೆ ಆ ಯೋಚನೆ ಬಿಡಿ. ಇದು ವಯಸ್ಸು, ತೂಕ, ದುಡಿಮೆ ಸೇರಿ ಆದ ಕೀಲು ಸವೆತ. ನಾವು ಆಸ್ಟಿಯೋ ಆರ್ಥ್ರೈಟಿಸ್ ಅನ್ನುತ್ತೇವೆ.

‘ಮಂಡಿಯ ಗ್ರೀಸ್ ಖಾಲಿಯಾಗಿದೆ’ ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಹಾಗೇ ಹೇಳುತ್ತಾರೆ. ನಿಜ ಏನೆಂದರೆ, ಮೂಳೆಯ ತುದಿಗೆ ನುಣುಪಾದ ಒಂದು ಮೆತ್ತೆ ಇರುತ್ತದೆ. ಎಳನೀರು ಕೊಚ್ಚಿದಾಗ ಒಳಗೆ ಕಾಣುವ ಎಳೆ ಗಂಜಿಗಿಂತ ಗಟ್ಟಿ, ತೆಂಗಿನಕಾಯಿಗಿಂತ ಮೆದು. ಅದಕ್ಕೆ ರಕ್ತನಾಳ ಇಲ್ಲ, ಆದ್ದರಿಂದ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ನರವೂ ಇಲ್ಲ, ಆದ್ದರಿಂದ ಅದು ಸವೆದರೆ ಅದಕ್ಕೇ ನೋವಾಗುವುದಿಲ್ಲ. ನೋವು ಬರೋದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಸುತ್ತಲಿನ ಪೊರೆ ಊದಿಕೊಂಡಾಗ, ಸುತ್ತಲಿನ ಸ್ನಾಯು ಸೋತಾಗ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎಕ್ಸ್‌ರೇಯಲ್ಲಿ ಕಾಣುವ ಸವೆತವೂ ಅಮ್ಮನಿಗೆ ಆಗುವ ನೋವೂ ಒಂದೇ ಅಲ್ಲ. ಫಿಲ್ಮಿನಲ್ಲಿ ಎರಡು ಮೂಳೆ ಅಂಟಿಕೊಂಡಂತೆ ಕಂಡರೂ ತೋಟಕ್ಕೆ ಹೋಗಿ ಬರುವವರಿದ್ದಾರೆ. ಸ್ವಲ್ಪವೇ ಸವೆದು ರಾತ್ರಿ ನಿದ್ದೆ ಇಲ್ಲದವರೂ ಇದ್ದಾರೆ. ಬರೀ ಫಿಲ್ಮ್ ನೋಡಿ ಆಪರೇಷನ್ ತೀರ್ಮಾನ ಮಾಡಬಾರದು. ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಇದೆಯಾ ಅಂತಲೂ ನೋಡಿ. ಮಲಗಿಸಿ ತೆಗೆದರೆ ಮಂಡಿಯ ಸವೆತ ಸರಿಯಾಗಿ ಗೊತ್ತಾಗುವುದಿಲ್ಲ.

ಆ ಪುಡಿಯನ್ನು ದಯವಿಟ್ಟು ಮತ್ತೆ ಮುಟ್ಟಬೇಡಿ. ಆರು ವರ್ಷದ ನೋವು ಒಂದು ಪುಡಿಯಿಂದ ತಿಂಗಳಿಡೀ ಮಾಯವಾಯಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಹೆಚ್ಚು. ಹೆಸರು, ಚೀಟಿ ಇಲ್ಲದ ಪುಡಿಗಳಲ್ಲಿ ಇದು ಹೊಸದಲ್ಲ. ಶುಗರ್ ಇರುವವರಿಗೆ ಇದು ಎಷ್ಟು ಅಪಾಯ ಗೊತ್ತಾ? ಶುಗರ್, ಬಿಪಿ ಎರಡೂ ಏರುತ್ತವೆ, ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ಟೀರಾಯ್ಡ್ ಜಾಸ್ತಿಯಾದರೆ ಸೊಂಟದ ಕೀಲಿನೊಳಗಿರುವ ತೊಡೆಮೂಳೆಯ ಗುಂಡನೆಯ ತುದಿಗೆ ಹೋಗುವ ರಕ್ತವೇ ನಿಂತು ಮೂಳೆ ಸಾಯುತ್ತದೆ. ನೋವು ಕಳೆಯಲು ತಿಂದದ್ದೇ ಸೊಂಟವನ್ನು ತಿಂದುಹಾಕುತ್ತದೆ. ಮದ್ಯ ಜಾಸ್ತಿ ಕುಡಿಯುವ ಮೂವತ್ತು ನಲವತ್ತರ ಗಂಡಸರಲ್ಲೂ ಇದನ್ನು ನೋಡುತ್ತಿರುತ್ತೇವೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕಾಗುತ್ತದೆ. ಅಮ್ಮ ಪುಡಿ ತಿಂದದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಿಮ್ಮ ಊರಲ್ಲಿ ಇನ್ಯಾರಾದರೂ ತಿಂಗಳುಗಟ್ಟಲೆ ತಿನ್ನುತ್ತಿದ್ದರೆ, ಅವರಿಗೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಲು ಹೇಳಿ. ದಿಢೀರ್ ನಿಲ್ಲಿಸಿದರೂ ಅಪಾಯ ಇದೆ.

ಅಂಗಡಿಯಿಂದ ತಂದ ನೋವಿನ ಮಾತ್ರೆಯೂ ನನಗೆ ಅಷ್ಟೇ ಚಿಂತೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್ ಗುಂಪಿನವು ನಾಲ್ಕು ದಿನಕ್ಕೆ ಒಳ್ಳೆಯ ಮಾತ್ರೆಗಳು. ದಿನಾ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರಿಕೆ. ಹತ್ತು ವರ್ಷದ ಶುಗರ್ ಮೊದಲೇ ಕಿಡ್ನಿಯ ಮೇಲೆ ಭಾರ ಹಾಕಿರುತ್ತದೆ. ಕಿಡ್ನಿ ಹೇಗಿದೆ ಅಂತ ತಿಳಿಯಲು ಈ ವಾರವೇ ಕ್ರಿಯಾಟಿನಿನ್ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಿ. ಮಲ ಡಾಂಬರಿನಂತೆ ಕಪ್ಪಗೆ ಹೋದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಡಿಗೆ ಡೈಕ್ಲೋಫಿನಾಕ್ ಜೆಲ್ ಹಚ್ಚುವುದು ಮಾತ್ರೆಗಿಂತ ಎಷ್ಟೋ ಸುರಕ್ಷಿತ, ಮಂಡಿ ಚರ್ಮಕ್ಕೆ ಹತ್ತಿರ ಇರುವುದರಿಂದ ಕೆಲಸವೂ ಮಾಡುತ್ತದೆ. ಸೊಂಟದ ಕೀಲು ಆಳದಲ್ಲಿದೆ, ಅಲ್ಲಿಗೆ ತಲುಪುವುದಿಲ್ಲ. ಗ್ಲುಕೋಸಮೈನ್ ಮಾತ್ರೆಗೆ ತಿಂಗಳು ತಿಂಗಳು ದುಡ್ಡು ಹಾಕುತ್ತಿದ್ದರೆ ನಿಲ್ಲಿಸಬಹುದು, ಮೆತ್ತೆ ಬೆಳೆಸುತ್ತದೆ ಅನ್ನೋದು ಸಾಬೀತಾಗಿಲ್ಲ. ಬದನೆಕಾಯಿ, ಹುಳಿ ಬಿಟ್ಟರೆ ಸವೆತ ನಿಲ್ಲುವುದಿಲ್ಲ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿ ಬಿಸಿನೀರು ಹಾಕಿಕೊಂಡರೆ ಹಿತ ಅನ್ನಿಸುತ್ತದಾ? ಮಾಡಲಿ, ತಪ್ಪೇನಿಲ್ಲ. ಮೆಟ್ಟಿ ತಿರುಚುವವರ ಕೈಗೆ ಮಾತ್ರ ಕೊಡಬೇಡಿ.

ಹಾಗಾದರೆ ಏನು ಮಾಡೋದು? ಬಲ ಮಂಡಿಗೆ ಮೊದಲ ಚಿಕಿತ್ಸೆ ತೊಡೆಯ ಸ್ನಾಯು. ಇದನ್ನು ಹೇಳಿದ ಕೂಡಲೇ ರೋಗಿಗಳ ಮುಖ ಸಪ್ಪಗಾಗುತ್ತದೆ, ‘ಇಷ್ಟು ದೂರ ಬಂದದ್ದು ಇದಕ್ಕಾ’ ಅನ್ನುವ ಹಾಗೆ. ಆದರೆ ಮಂಡಿ ನೋವಿಗೆ ಬರೀ ಮಾತ್ರೆಯಿಂದ ಸಿಗದ ಗುಣ ವ್ಯಾಯಾಮದಿಂದ ಸಿಕ್ಕಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಮ್ಮನಿಗೆ ಹೀಗೆ ಹೇಳಿಕೊಡಿ. ಮಂಚದ ಮೇಲೆ ಕಾಲು ಚಾಚಿ ಕೂರಲಿ. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಮಂಡಿಯಿಂದ ಅದುಮಿ ಐದು ಎಣಿಸಿ ಬಿಡಲಿ. ನಿಮ್ಮ ಅಂಗೈಯನ್ನು ಅವರ ತೊಡೆಯ ಮೇಲಿಡಿ. ಅದುಮುವಾಗ ಸ್ನಾಯು ಗಟ್ಟಿಯಾಗುವುದು ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಸರಿಯಾಗಿ ಮಾಡುತ್ತಿಲ್ಲ ಅಂತ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದು ವಾರ ಕಳೆದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಸೇರಿಸಿ. ಮೊದಲ ಹತ್ತು ದಿನ ಸ್ವಲ್ಪ ನೋವು ಜಾಸ್ತಿ ಅನ್ನಿಸಬಹುದು. ಮಾರನೇ ದಿನಕ್ಕೆ ಇಳಿದರೆ ಹೆದರಬೇಕಿಲ್ಲ, ಇಳಿಯದಿದ್ದರೆ ಸಂಖ್ಯೆ ಕಡಿಮೆ ಮಾಡಿ. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಎರಡು ಮೂರು ಸಲ ತೋರಿಸಿ ಕಲಿತುಕೊಳ್ಳಿ. ಮೂರು ತಿಂಗಳು ಮಾಡದೆ ‘ವ್ಯಾಯಾಮದಿಂದ ಆಗಲಿಲ್ಲ’ ಅನ್ನಬೇಡಿ.

ತೂಕದ ಲೆಕ್ಕ ಹೇಳುತ್ತೇನೆ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತದೆ. ಅಮ್ಮ 74ರಿಂದ 69ಕ್ಕೆ ಬಂದರೆ ಹೆಜ್ಜೆಗೆ 20 ಕೆ.ಜಿ. ಭಾರ ಇಳಿದಂತೆ. ಅನ್ನ ಕಡಿಮೆ ಮಾಡಿ ಅಂತ ಬೈದರೆ ಯಾರೂ ಕಡಿಮೆ ಮಾಡುವುದಿಲ್ಲ. ಶುಗರ್ ಡಾಕ್ಟರ ಜೊತೆ ಕೂತು ಊಟ ಬದಲಿಸಿ, ಎರಡಕ್ಕೂ ಒಂದೇ ಮದ್ದು.

ಇನ್ನು ಊರುಗೋಲು. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿ ಇರಬೇಕು. ಹತ್ತರಲ್ಲಿ ಎಂಟು ಜನ ನೋವಿರುವ ಕಡೆಯೇ ಹಿಡಿದು ಬರುತ್ತಾರೆ ಅಂದರೂ ತಪ್ಪಲ್ಲ. ನಿಮ್ಮ ಅಮ್ಮನಿಗೆ ಎರಡೂ ಕಡೆ ನೋವು, ಸದ್ಯಕ್ಕೆ ಯಾವ ಕಾಲು ಜಾಸ್ತಿ ಕಾಡುತ್ತದೋ ಅದರ ಎದುರು ಕೈಯಲ್ಲಿ ಹಿಡಿಯಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕಕ್ಕಸಿಗೆ ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಹಿಡಿಕೆ ಇರಲಿ. ಅಡಿಕೆ ಸುಲಿಯುವ ಆಸೆ ಇದ್ದರೆ ಮೆಟ್ಟುಗತ್ತಿಯನ್ನು ಗಟ್ಟಿ ಮೇಜಿನ ಮೇಲೆ ಕೂರಿಸಿ, ಅಲುಗದಂತೆ ಬಿಗಿದು, ಕುರ್ಚಿಯಲ್ಲಿ ಕೂತು ಮಾಡುವ ಹಾಗೆ ಬಡಗಿಯಿಂದ ಮಾಡಿಸಿಕೊಡಿ. ಅಡಿಕೆ ಸುಲಿಯುವ ಹೊತ್ತಿನಲ್ಲಿ ಮನೆ ತುಂಬ ಜನ, ಮಾತು. ಅದರಿಂದ ಹೊರಗುಳಿದ ನೋವು ಮಂಡಿಯ ನೋವಿಗಿಂತ ಕಡಿಮೆಯೇನಲ್ಲ.

ಇಂಜೆಕ್ಷನ್ ಬಗ್ಗೆ. ಕೀಲು ಊದಿ ನೀರು ತುಂಬಿ ತುಂಬಾ ನೋವಿದ್ದಾಗ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಪುಡಿಯ ಸ್ಟೀರಾಯ್ಡ್ ಬೇರೆ, ಡಾಕ್ಟರು ಅಳತೆ ನೋಡಿ ಕೀಲಿಗೆ ಕೊಡುವುದು ಬೇರೆ. ಆದರೂ ಶುಗರ್ ಕೆಲವು ದಿನ ಏರುತ್ತದೆ, ಪದೇ ಪದೇ ಕೊಟ್ಟರೆ ಮೆತ್ತೆ ಇನ್ನೂ ಸವೆಯುತ್ತದೆ. ಮುಂದಿನ ಮೂರು ತಿಂಗಳಲ್ಲಿ ಕೀಲು ಬದಲಿ ಮಾಡಿಸುವ ಯೋಚನೆ ಇದ್ದರೆ ಹಾಕಿಸಲೇಬಾರದು, ಸೋಂಕಿನ ಭಯ. ಜೆಲ್ ಇಂಜೆಕ್ಷನ್ ಸೂಜಿಯಿಂದ ಗ್ರೀಸ್ ತುಂಬಿದಂತೆ ಅಂತ ವಿವರಿಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅಧ್ಯಯನಗಳಲ್ಲಿ ಬರೀ ಉಪ್ಪುನೀರಿನ ಇಂಜೆಕ್ಷನ್‌ಗಿಂತ ಹೆಚ್ಚಿನ ಉಪಯೋಗ ಬಹಳ ಕಡಿಮೆ. ರೋಗಿಯ ರಕ್ತದಿಂದಲೇ ತೆಗೆದು ಕೀಲಿಗೆ ಕೊಡುವ ಪಿಆರ್‌ಪಿ ಇಂಜೆಕ್ಷನ್ನನ್ನು ಆಸ್ಟ್ರೇಲಿಯಾದಲ್ಲಿ ಉಪ್ಪುನೀರಿನ ಜೊತೆ ಹೋಲಿಸಿ ನೋಡಿದರು, 2021ರಲ್ಲಿ ಫಲಿತಾಂಶ ಬಂತು. ಒಂದು ವರ್ಷ ಕಳೆದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಬಾಗಿದ ಕಾಲಿಗೆ, ಪೂರ್ತಿ ಸವೆದ ಮಂಡಿಗೆ ಇವುಗಳ ಮೇಲೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ದುರ್ಬೀನು ಹಾಕಿ ಮಂಡಿ ತೊಳೆಯುವ ಆಪರೇಷನ್ ಬಗ್ಗೆಯೂ ಯಾರಾದರೂ ಹೇಳಬಹುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿದರು ಅಷ್ಟೇ. ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿರಲಿಲ್ಲ. 2002ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿಗೆ ಒಂದೇ ರೀತಿ ಗುಣ ಆಗಿತ್ತು. ಸವೆದ ಮಂಡಿಗೆ ತೊಳೆಯುವುದು ಬೇಡ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಕೀಲು ಬದಲಿ. ಮಾಡಿಸಲೇಬೇಕಾ ಅಂದರೆ, ಇದು ಜೀವ ಉಳಿಸುವ ಆಪರೇಷನ್ ಅಲ್ಲ. ತಡವಾದರೆ ಪ್ರಾಣ ಹೋಗುವುದಿಲ್ಲ. ಯಾರಾದರೂ ನಾಳೆಯೇ ಸೇರಿ ಅಂದರೆ ಒಪ್ಪಬೇಡಿ. ನಾನು ರೋಗಿಗಳಿಗೆ ಕೇಳುವುದು ಮೂರೇ ಮಾತು. ರಾತ್ರಿ ನೋವಿಗೆ ಎಚ್ಚರ ಆಗುತ್ತದಾ? ಅಂಗಡಿವರೆಗೆ ನಡೆಯಲು ಆಗುತ್ತದಾ? ಮೂರು ತಿಂಗಳು ವ್ಯಾಯಾಮ, ತೂಕ, ಕೋಲು ಎಲ್ಲ ಮಾಡಿ ನೋಡಿಯೂ ಹೀಗೇನಾ? ಉತ್ತರ ಕೆಟ್ಟದಾಗಿದ್ದರೆ ಆಗ ಆಪರೇಷನ್ ನಿಜವಾಗಿ ಒಳ್ಳೆಯದು. ಅಂಥವರು ಹೆದರಿ ಐದಾರು ವರ್ಷ ಮೂಲೆಯಲ್ಲಿ ಕೂತರೆ ಸ್ನಾಯು ಕರಗಿ, ಕಾಲು ಇನ್ನೂ ಬಾಗಿ, ಆಮೇಲೆ ಮಾಡಿಸಿದರೂ ಪೂರ್ತಿ ಫಲ ಸಿಗುವುದಿಲ್ಲ.

ಸೊಂಟದ ಕೀಲೂ ಪೂರ್ತಿ ಸವೆದಿದೆ ಅಂತ ಬಂದರೆ ಸಾಮಾನ್ಯವಾಗಿ ಮೊದಲು ಸೊಂಟ, ಆಮೇಲೆ ಮಂಡಿ. ಸೊಂಟ ಸರಿಯಾದರೆ ಎಡ ಮಂಡಿಯ ನೋವು ತಾನಾಗಿ ಹೋಗಬಹುದು. ಸೊಂಟದ ಕೀಲು ಬದಲಿ ಹಳೆಯ, ಪಳಗಿದ ಆಪರೇಷನ್. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ರೂಪಿಸಿದ ಲೋಹ ಮತ್ತು ಪ್ಲಾಸ್ಟಿಕ್ ಜೋಡಣೆಯ ತತ್ವವೇ ಇವತ್ತಿಗೂ ನಡೆದುಬಂದಿದೆ. ಸೊಂಟ ಬದಲಿಸಿಕೊಂಡವರಲ್ಲಿ ಹಲವರು ಒಳಗೆ ಬೇರೆ ಕೀಲಿದೆ ಅನ್ನುವುದನ್ನೇ ಮರೆಯುತ್ತಾರೆ. ಮಂಡಿ ಹಾಗಲ್ಲ. ನೋವು ಹೋಗುತ್ತದೆ, ಕಾಲು ನೇರವಾಗುತ್ತದೆ, ಆದರೆ ಬಿಗಿ, ಬಿಸಿ ಕೆಲವು ತಿಂಗಳು ಇರುತ್ತದೆ. ಗಾಯದ ಹೊರಬದಿಯಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಉಳಿಯಬಹುದು. ಪೂರ್ತಿ ಹೊಂದಿಕೊಳ್ಳಲು ಒಂದು ವರ್ಷವೂ ಬೇಕಾಗುತ್ತದೆ. ಐದರಲ್ಲಿ ಒಬ್ಬರಷ್ಟು ಜನ ‘ನಾನಂದುಕೊಂಡಷ್ಟು ಆಗಲಿಲ್ಲ’ ಅನ್ನುತ್ತಾರೆ. ನಿಮ್ಮ ಪಕ್ಕದ ಮನೆಯವರು ಸುಳ್ಳು ಹೇಳುತ್ತಿಲ್ಲ. ಅವರ ನೋವು ಸೊಂಟದ್ದೋ ಬೆನ್ನಿನದ್ದೋ ಇರಬಹುದು, ಸೋಂಕೂ ಇರಬಹುದು. ಅವರೂ ಮತ್ತೆ ತೋರಿಸಲಿ.

ಅಪಾಯಗಳನ್ನು ಬಿಚ್ಚಿ ಹೇಳುತ್ತೇನೆ. ನೂರರಲ್ಲಿ ಸುಮಾರು ಒಬ್ಬರಿಗೆ ಕೀಲಿನೊಳಗೆ ಸೋಂಕು ಆಗುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಇನ್ನೂ ಜಾಸ್ತಿ. ಮೂರು ತಿಂಗಳ ಶುಗರ್ ಸರಾಸರಿ ಎಚ್‌ಬಿಎ1ಸಿ 8ಕ್ಕಿಂತ ಕೆಳಗೆ ಬರುವವರೆಗೆ ನಾನು ಕಾಯುತ್ತೇನೆ. ಹುಳುಕು ಹಲ್ಲು, ಕಾಲಿನ ಗಾಯ, ಉರಿಮೂತ್ರ ಇದ್ದರೆ ಅದು ಮೊದಲು ವಾಸಿಯಾಗಬೇಕು. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ, ಅದಕ್ಕೆಂದೇ ಬೇಗ ಎಬ್ಬಿಸಿ ನಡೆಸುವುದು, ರಕ್ತ ತೆಳು ಮಾಡುವ ಔಷಧಿ ಕೊಡುವುದು. ಎರಡೂ ಮಂಡಿ ಒಂದೇ ದಿನ ಮಾಡಿದರೆ ಹೃದಯ, ಶ್ವಾಸಕೋಶಕ್ಕೆ ಭಾರ ಜಾಸ್ತಿ. ಶುಗರ್, ಬಿಪಿ ಎರಡೂ ಇರುವ ನಿಮ್ಮ ಅಮ್ಮನಿಗೆ, ಅದರಲ್ಲೂ ಎಡ ಮಂಡಿಯೇ ಕಾರಣವೋ ಅಲ್ಲವೋ ಗೊತ್ತಿಲ್ಲದಾಗ, ನಾನು ಖಂಡಿತ ಹಾಗೆ ಮಾಡುವುದಿಲ್ಲ.

ಎಷ್ಟು ವರ್ಷ ಬಾಳಿಕೆ ಅಂತ ಎಲ್ಲರೂ ಕೇಳುತ್ತಾರೆ. ಹೊರದೇಶಗಳ ದಾಖಲೆ ಒಟ್ಟುಹಾಕಿ 2019ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ಸೊಂಟಗಳಲ್ಲಿ ಸುಮಾರು 58 ಇಪ್ಪತ್ತೈದು ವರ್ಷ ಬಾಳಿದ್ದವು. ಆದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದನ್ನು ಹೊಸ ಮಂಡಿಯಿಂದ ನಿರೀಕ್ಷಿಸಬೇಡಿ. ಹೊಸ ಸೊಂಟ ಮೊದಲ ಕೆಲವು ವಾರ ಜಾರುವ ಅಪಾಯ ಇರುತ್ತದೆ, ಆಗ ತಗ್ಗಿನಲ್ಲಿ ಕೂರಲೇಬಾರದು. ದೇವರ ಮುಂದೆ ಕೂರಲು ಅಮ್ಮ ಒಂದು ಕುರ್ಚಿ ಒಪ್ಪಿಕೊಳ್ಳುತ್ತಾರಾ ಅಂತ ಈಗಲೇ ಕೇಳಿ. ಆಪರೇಷನ್ ಆದ ಮೇಲೆ ಗೊತ್ತಾದರೆ ಬಹಳ ನೊಂದುಕೊಳ್ಳುತ್ತಾರೆ.

ಖರ್ಚಿನ ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಕೀಲಿನ ಬೆಲೆ ಬೇರೆ, ಆಸ್ಪತ್ರೆಯ ಖರ್ಚು ಬೇರೆ, ಎರಡನ್ನೂ ಬಿಡಿಸಿ ಬರೆದ ಅಂದಾಜು ಪಟ್ಟಿ ಕೇಳಿ. ಚಿನ್ನದ ಬಣ್ಣದ ಕೀಲು ಮೂವತ್ತು ವರ್ಷ ಬರುತ್ತದೆ ಅನ್ನುವ ಜಾಹೀರಾತಿಗೆ ಮರುಳಾಗಬೇಡಿ, ಲೋಹದ ಅಲರ್ಜಿ ಇರುವವರಿಗೆ ಆ ಲೇಪನ ಉಪಯೋಗ, ಬಾಳಿಕೆ ಜಾಸ್ತಿ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ರೋಬೋಟ್ ಇದ್ದರೆ ಮೂಳೆ ಕೊಯ್ಯುವುದು ಕರಾರುವಾಕ್ಕಾಗುತ್ತದೆ, ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಸಾಬೀತಾಗಿಲ್ಲ. ವರ್ಷಕ್ಕೆ ನೂರಾರು ಕೀಲು ಮಾಡಿದ ಕೈ ಯಾವುದು ಅಂತ ವಿಚಾರಿಸಿ, ಅದು ಮುಖ್ಯ. ಬೆಂಗಳೂರಿನಲ್ಲಿ ಜಯನಗರದ ಸಂಜಯ ಗಾಂಧಿ ಸಂಸ್ಥೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ಇನ್ನೊಂದು ಅಭಿಪ್ರಾಯ ಬೇಕಾದರೆ ಅಲ್ಲಿಗೂ ಕರೆದೊಯ್ಯಬಹುದು. ಆಯುಷ್ಮಾನ್ ಕಾರ್ಡ್ ಇದ್ದರೆ ಯಾವುದಕ್ಕೆ ಅನ್ವಯ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇಷ್ಟರ ಮಧ್ಯೆ, ಕೀಲು ದಿಢೀರ್ ಕೆಂಪಗೆ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಮೀನಖಂಡ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ಎದ್ದಾಗ ಕೈಬೆರಳೂ ಸೇರಿ ಒಂದು ಗಂಟೆಗೂ ಹೆಚ್ಚು ಬಿಗಿತ ಇದ್ದರೆ ಹೇಳಿ, ಅದು ಬೇರೆ ರೀತಿಯ ಸಂಧಿವಾತ ಇರಬಹುದು, ಅದರ ಔಷಧಿಯೇ ಬೇರೆ.

ನೀವು ಮುಂದಿನ ಸಲ ಊರಿಗೆ ಹೋದಾಗ ಸೊಂಟದ ಎರಡೂ ಕೀಲು ಒಂದೇ ಫಿಲ್ಮಿನಲ್ಲಿ ಬರುವ ಎಕ್ಸ್‌ರೇ, ನಿಂತು ತೆಗೆಸಿದ ಮಂಡಿಯ ಎಕ್ಸ್‌ರೇ, ಎಚ್‌ಬಿಎ1ಸಿ ಮಾಡಿಸಿ. ಕ್ರಿಯಾಟಿನಿನ್ ಮಾತ್ರ ಅಲ್ಲಿವರೆಗೆ ಕಾಯುವುದು ಬೇಡ. ಡಾಕ್ಟರ ಬಳಿ ಹೋಗುವಾಗ ಆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಪುಡಿ ಉಳಿದಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಮಂಚದ ಮೇಲೆ ಮಲಗಿಸಿ ಎಡಗಾಲನ್ನು ತಿರುಗಿಸಿ ನೋಡಲು ನೀವೇ ಕೇಳಿ, ಸಂಕೋಚ ಬೇಡ. ವರದಿ ಬಂದ ಮೇಲೆ ನನಗೆ ಬರೆಯಿರಿ. ಟವೆಲ್ ವ್ಯಾಯಾಮವನ್ನು ಮಾತ್ರ ಇವತ್ತೇ ಫೋನಿನಲ್ಲಿ ಹೇಳಿಕೊಡಿ, ತೊಡೆಯ ಮೇಲೆ ಕೈಯಿಟ್ಟು ನೋಡಲು ತಂಗಿ ಅಲ್ಲೇ ಇದ್ದಾರಲ್ಲ.